ಪರದೆಯ ಮೇಲೆ ಲಾರಿ ಮುಳುಗಿದೆ

ರಾತ್ರಿ ಎರಡೂಕಾಲು. ಯಾಕೂತ್ಸ್ಕ್.
ಹೊರಗೆ ಸೊನ್ನೆಯ ಕೆಳಗೆ ನಲವತ್ತಾರು.
ಒಳಗೆ ನಾನು, ಕೆಟಲು, ಮೂರು ಪರದೆ,
ಪರದೆಗಳಲ್ಲಿ ಹನ್ನೊಂದು ಹಸಿರು ಚುಕ್ಕಿ.

ಚುಕ್ಕಿ ಅಂದರೆ ಲಾರಿ. ಲಾರಿ ಅಂದರೆ
ಹಿಟ್ಟು, ಡೀಸೆಲು, ಯಾವುದೋ ಶಾಲೆಯ ಕಿಟಕಿಗಾಜು,
ಮತ್ತೆ ಒಬ್ಬ ಗಂಡಸು, ಅವನ ಥರ್ಮಾಸು, ಅವನ ಕೆಮ್ಮು.
ಕೆಮ್ಮು ಮಾತ್ರ ಪರದೆಗೆ ಬರುವುದಿಲ್ಲ.
ಮಿಕ್ಕಿದ್ದೆಲ್ಲ ಬರುತ್ತದೆ: ವೇಗ, ಟಯರಿನ ಒತ್ತಡ,
ಟ್ಯಾಂಕಿನ ತಳದಲ್ಲಿ ಉಳಿದದ್ದು, ಬ್ರೇಕು ತುಳಿದ ಗಳಿಗೆ.

ಏಳನೆಯ ಚುಕ್ಕಿ ಗವ್ರೀಲ್ ನಗವೀತ್ಸಿನ್.
ಅರವತ್ತೊಂದು ತುಂಬಿದೆ. ನನ್ನಪ್ಪನ ಜೊತೆ ಓಡಿಸಿದವನು.
ಈಗ ಕೆಂಪಗೆ ಬಡಿದುಕೊಳ್ಳುತ್ತಿದೆ:
'ವಾಹನ ದಾರಿ ತಪ್ಪಿದೆ.'
'ವಾಹನ ನೀರಿನಲ್ಲಿದೆ.'

ನಕ್ಷೆ ಬರೆದವನು ಬೇಸಿಗೆಯಲ್ಲಿ ಬರೆದಿರಬೇಕು.
ಅವನಿಗೆ ಲೇನಾ ಅಂದರೆ ಒಂದು ನೀಲಿ.
ನಮಗೆ ಅಜ್ಜಿ. ಹೆಸರು ಹಿಡಿದು ಕರೆಯುವಂತಿಲ್ಲ,
ಎಬೆ ಅನ್ನುತ್ತೇವೆ.
ನವೆಂಬರಿನಲ್ಲಿ ಬೆನ್ನು ಗಟ್ಟಿಮಾಡಿಕೊಂಡು ಬೋರಲು ಮಲಗುತ್ತಾಳೆ,
ಆಮೇಲೆ ಅವಳ ಬೆನ್ನೇ ನಮ್ಮ ಹೆದ್ದಾರಿ.
ಏಪ್ರಿಲಿನಲ್ಲಿ ಮಗ್ಗುಲು ಬದಲಿಸುತ್ತಾಳೆ.
ಹೇಳಿ ಬದಲಿಸುವವಳಲ್ಲ.

ಇನ್ನೂ ಎರಡು ಕೆಂಪು:
'ಸೀಟ್ ಬೆಲ್ಟ್ ಬಿಚ್ಚಿದೆ.'
'ಚಾಲಕನ ಬಾಗಿಲು ತೆರೆದಿದೆ.'
ಒಂದೊಂದಕ್ಕೂ ಇಷ್ಟಿಷ್ಟು ರೂಬಲ್ ದಂಡ,
ತಿಂಗಳ ಕೊನೆಗೆ ಯಂತ್ರ ತಾನೇ ಕೂಡಿ, ತಾನೇ ಕಳೆಯುತ್ತದೆ.

ಇದನ್ನು ತಂದು ಕೂರಿಸಿದ ಹುಡುಗ ಒಳ್ಳೆಯವನೇ.
ನೊವೊಸಿಬಿರ್ಸ್ಕಿನವನು, ಚಳಿಗೆ ಕಿವಿ ಕೆಂಡವಾಗಿತ್ತು.
ರೇಡಿಯೊ, ಉಪಗ್ರಹ, ನಕ್ಷೆ ಮೂರನ್ನೂ ಒಂದೇ ಪೆಟ್ಟಿಗೆಯೊಳಗೆ ಹೆಣೆದು
'ಇನ್ನು ಯಾರೂ ಕಳೆದುಹೋಗುವುದಿಲ್ಲ' ಅಂದ.
ಅವನಿಗೆ ಮೀನು ತಿನ್ನಿಸಿದೆ,
ಹೆಪ್ಪುಗಟ್ಟಿದ್ದನ್ನು ತೆಳ್ಳಗೆ ಹೆರೆದು, ಉಪ್ಪುಮೆಣಸು ಹಚ್ಚಿ.
ಆಗಲೇ ಹೇಳಬೇಕಿತ್ತು:

ನೀರ್ಗಲ್ಲಿನ ಮೇಲೆ ಬೆಲ್ಟು ಕಟ್ಟಬಾರದು.
ಎಷ್ಟೇ ಚಳಿಯಿರಲಿ, ಬಾಗಿಲು ಅರೆ ತೆರೆದಿರಬೇಕು.
ಕೆಳಗೆ ಬಿರಿದ ಸದ್ದಾದರೆ ನೆಗೆಯುವುದಕ್ಕೆ
ಸಿಗುವುದು ಒಂದು ಉಸಿರಿನಷ್ಟು ಹೊತ್ತು,
ಬಕಲು ತಡಕುವಷ್ಟಲ್ಲ.
ಅಪ್ಪನ ಬಾಗಿಲು ಮುಚ್ಚಿತ್ತು.
ಅವತ್ತು ತುಂಬ ಚಳಿಯಿತ್ತಂತೆ.

ಆಗ ಪರದೆಯಿರಲಿಲ್ಲ, ರೇಡಿಯೊದ ಕರಕರ ಇತ್ತು.
ಮೂರು ದಿನ ಅಮ್ಮ ಅದರ ತಿರುಗಣೆ ತಿರುಗಿಸಿದಳು,
ಸಿಕ್ಕಿದ್ದು ಯಾರದೋ ಹವಾಮಾನ, ಯಾರದೋ ಹುಟ್ಟುಹಬ್ಬ.
ಈ ಪೆಟ್ಟಿಗೆ ಇದ್ದಿದ್ದರೆ
ಎಲ್ಲಿ ಅನ್ನುವುದಾದರೂ ತಿಳಿಯುತ್ತಿತ್ತು.
ಅದಕ್ಕೇ ನಾನು ಇದನ್ನು ಬೈಯುವುದಿಲ್ಲ.

ಗುಂಡಿ ಒತ್ತಿದೆ. 'ಗವ್ರೀಲ್ ಮಾವ, ಕೇಳಿಸುತ್ತಾ?'
ಮೌನ. ಆಮೇಲೆ
ಆಕಾಶಕ್ಕೆ ಹೋಗಿ ಮರಳಿ ಬಂದ ಒಂದು ಕೆಮ್ಮು.
'ನಿನ್ನ ಪೆಟ್ಟಿಗೆಯ ಹೆಂಗಸು ಗಂಟೆಯಿಂದ ಒಂದೇ ಸಮನೆ, ಮಗಳೇ,
ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಅಂತ.
ಅಜ್ಜಿ ಬೆನ್ನ ಮೇಲೆ ಯಾರಾದರೂ ತಿರುಗಿಸ್ತಾರಾ?'
'ಬಾಗಿಲು?'
'ತೆರೆದಿದೆ.'
'ಮೊಣಕಾಲು ನೋವು?'
'ಅದು ನಿನ್ನ ಪರದೆಯಲ್ಲಿ ಕಾಣಲ್ವಾ?'
'ದಂಡೆಯಲ್ಲಿ ಅವಳ ಪಾಲಿನ ಅಲಾಜಿ ಕೊಟ್ಟೆಯಾ?'
'ಎರಡು. ಬೆಣ್ಣೆ ಸವರಿ.'

ಕಾರಣ ಆರಿಸಿ, ಅಂತ ಪರದೆ ಕಾಯುತ್ತಿದೆ.
ನಿದ್ದೆ. ಅಜಾಗರೂಕತೆ. ಯಂತ್ರದೋಷ. ಇತರೆ.
ಇತರೆ ಒತ್ತಿ ಬರೆದೆ:
'ನದಿ ಗಟ್ಟಿಯಾಗಿದೆ. ಚಾಲಕ ನಿಯಮದಂತೆ ನಡೆದಿದ್ದಾನೆ.'
ಯಾವ ನಿಯಮ ಅಂತ ಅದು ಕೇಳಲಿಲ್ಲ.

ಆಮೇಲೆ ಕೆಟಲು ಕುದಿಯಲು ಬಿಟ್ಟು
ನೀಲಿಯ ಮೇಲೆ ಒಂದು ಗೆರೆ ಎಳೆಯತೊಡಗಿದೆ,
ಏಳನೆಯ ಚುಕ್ಕಿಯ ಹಿಂದೆ ಹಿಂದೆಯೇ,
ಅವನು ಬಳಸಿದಲ್ಲಿ ಬಳಸಿ, ತಡೆದಲ್ಲಿ ತಡೆದು.
ಆಚೆ ದಂಡೆ ಮುಟ್ಟುವಾಗ ನಾಲ್ಕು ಹೊಡೆದಿತ್ತು.
ಗೆರೆಗೊಂದು ಹೆಸರು ಬೇಕಂತೆ: 'ಎಬೆ' ಅಂದೆ.
ಎಂದು ಅಳಿಸಬೇಕು?
ಏಪ್ರಿಲ್ ಹದಿನೈದು, ಅಂತ ಒತ್ತಿದೆ.
ಅಪ್ಪನ ತಾರೀಖು ನೆನಪಾಯಿತು.
ಒಂದು, ಅಂತ ತಿದ್ದಿದೆ.